ಹೆಂಚಿಗೂ ಗೋಡೆಗೂ ನಡುವೆ

ನಮ್ಮತ್ತೆ ಹೆಂಚಿನ ಮಾಡಿನ ಮೇಲೆ ಸೀರೆ ಎತ್ತಿ ಕಟ್ಟಿ ಕೂತು, ಕೈಯಲ್ಲಿ ದೋಸೆ ಮಗುಚುವ ಕೈ ಹಿಡಿದುಕೊಂಡು, ಕಪ್ಪಾಗುತ್ತಿದ್ದ ಆಕಾಶವನ್ನು ನೋಡುತ್ತ ಹೊಟ್ಟೆ ಹಿಡಿದು ನಕ್ಕ ಸಂಜೆ ನೆನಪಾದರೆ, ನನಗೆ ಈಗಲೂ ಬಸ್ಸಿನಲ್ಲಿ ಕೂತಲ್ಲೇ ನಗು ಬಂದುಬಿಡುತ್ತದೆ. ಪಕ್ಕದ ಸೀಟಿನವರು ತಿರುಗಿ ನೋಡುತ್ತಾರೆ. ನೋಡಲಿ ಬಿಡಿ. ಅವರ ಅತ್ತೆ ಯಾವತ್ತೂ ಮಾಡು ಹತ್ತಿರಲಿಕ್ಕಿಲ್ಲ.

ನಾನು ಚನ್ನಪಟ್ಟಣದ ಪೇಟೆ ಬೀದಿಯಲ್ಲಿ ಬೆಳೆದವಳು. ಅಟ್ಟದ ಮೇಲಿನ ಡಬ್ಬ ಇಳಿಸಲು ಸ್ಟೂಲು ಹತ್ತಿದ್ದೇ ನನ್ನ ಜೀವನದ ದೊಡ್ಡ ಎತ್ತರ. ಮದುವೆಯಾಗಿ ಬಂದದ್ದು ಹಾರೋಹಳ್ಳಿಯಿಂದ ಕನಕಪುರದ ಕಡೆ ಹೋಗುವಾಗ ಒಳಕ್ಕೆ ತಿರುಗಿದರೆ ಸಿಗುವ ಒಂದು ಹಳ್ಳಿಗೆ. ಮನೆಗೆ ಅಂಟಿಕೊಂಡ ಹಾಗೆ ಹಿತ್ತಿಲಲ್ಲಿ ಒಂದೇ ಇಳಿಜಾರಿನ ಉದ್ದನೆಯ ಹೆಂಚಿನ ಕಟ್ಟಡ. ಅದು ಅತ್ತೆಯ ಹುಳು ಮನೆ, ಅಂದರೆ ರೇಷ್ಮೆ ಹುಳು ಸಾಕುವ ಮನೆ. ಒಳಗೆ ಬಿದಿರು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಟ್ಯಾಂಡುಗಳು, ತಟ್ಟೆ ತುಂಬ ಹುಳು, ಹುಳದ ಮೇಲೆ ಹಿಪ್ಪುನೇರಳೆ ಸೊಪ್ಪು.

ಅಲ್ಲಿಯ ಕಾಯಿದೆಗಳನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ಊದುಬತ್ತಿ ಇಲ್ಲ, ಸೊಳ್ಳೆ ಬತ್ತಿ ಇಲ್ಲ, ಬೀಡಿ ಸೇದಿದವರು ಆ ಗಾಳಿಗೂ ಸುಳಿಯುವಂತಿಲ್ಲ. ವಾಸನೆ ಬಡಿದರೆ ಹುಳು ಸೊಪ್ಪು ಮುಟ್ಟುವುದಿಲ್ಲ. ಹೊಸತರಲ್ಲಿ ನಾನೊಂದು ಸಲ ಸೆಂಟು ಹಾಕಿಕೊಂಡು ಬಾಗಿಲಲ್ಲಿ ನಿಂತದ್ದಕ್ಕೆ ಅತ್ತೆ ನನ್ನನ್ನು ಕೋಳಿ ಓಡಿಸಿದ ಹಾಗೆ ಓಡಿಸಿದ್ದರು. ನಾನೇನು ಸುಮ್ಮನಿರುವವಳಲ್ಲ, ಮೂತಿ ಉದ್ದ ಮಾಡಿಕೊಂಡು ಊಟ ಬಿಟ್ಟು ಕೂತೆ. ಅತ್ತೆ ತಟ್ಟೆ ತಂದಿಟ್ಟು, "ಹುಳೀನ್ ಮೇಲೆ ಏನ್ ಕೋಪ ನಿಂಗೆ? ತಿನ್ನು" ಅಂದರು. ಹುಳಿ ಚೆನ್ನಾಗಿತ್ತು, ತಿಂದೆ.

ಇನ್ನೊಂದು ಕಾಯಿದೆ ಇತ್ತು. ಹುಳು ಮನೆಯಲ್ಲಿ ಎಲ್ಲ ಕೆಲಸವೂ ಮೇಲಿನಿಂದ ಕೆಳಕ್ಕೆ. ಸೊಪ್ಪು ಹಾಕುವುದು ಮೇಲಿನ ತಟ್ಟೆಯಿಂದ, ಕಸ ತೆಗೆಯುವುದೂ ಮೇಲಿನ ತಟ್ಟೆಯಿಂದ. ಕೆಳಗಿನಿಂದ ಶುರು ಮಾಡಿದರೆ ಮೇಲಿನ ಹಿಕ್ಕೆ, ಕಡ್ಡಿ ಎಲ್ಲ ಆಗತಾನೇ ಚೊಕ್ಕ ಮಾಡಿದ ಕೆಳಗಿನ ಹುಳದ ಮೇಲೆ ಬೀಳುತ್ತದೆ. ಇದನ್ನು ಅತ್ತೆ ನನಗೆ ಎಷ್ಟು ಸಲ ಹೇಳಿದ್ದರೆಂದರೆ, ನಾನು ಅಡುಗೆ ಮನೆಯ ಕಪಾಟು ಒರೆಸುವಾಗಲೂ ಕೈ ತಾನಾಗಿ ಮೇಲಕ್ಕೆ ಹೋಗುತ್ತಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ನಮ್ಮ ಮಾನ ಹೋಗುವುದು ಇದರಿಂದಲೇ.

ಆ ವರ್ಷ ನನ್ನ ಗಂಡ ಮನೆಯ ಮೇಲೆ ಒಂದು ರೂಮು ಎಬ್ಬಿಸಿದರು. ಅವರಿಗೆ ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಕೆಲಸ, ಏನೇ ಮಾಡಿದರೂ ಅಳತೆ, ಗೆರೆ, ಲೆವೆಲ್ಲು. ಗೋಡೆ ನೆಟ್ಟಗೆ ಎದ್ದು ನಿಂತಿತು, ಹುಳು ಮನೆಯ ಹೆಂಚಿನ ಇಳಿಜಾರಿನ ಪಕ್ಕಕ್ಕೇ. ಇನ್ನೂ ಗಿಲಾವ್ ಆಗಿರಲಿಲ್ಲ, ಬರೀ ಇಟ್ಟಿಗೆ. ಮೊದಲ ಮುಂಗಾರು ಮಳೆ ಬಂದದ್ದೇ ತಡ, ನೀರು ಆ ಚೆಂದದ ಗೋಡೆ ಹಿಡಿದು ಸರಸರ ಇಳಿದು, ಹೆಂಚಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನುಗ್ಗಿ, ಒಳಗಿನ ಸ್ಟ್ಯಾಂಡಿನ ಮೇಲೆ ಸುರಿಯಿತು. ಹುಳು ಆಗ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರ ಅಂದರೆ ಕಾಯಿಲೆ ಅಲ್ಲ, ಪೊರೆ ಬಿಡುವ ಕಾಲ. ಆಗ ಅವು ತಿನ್ನುವುದಿಲ್ಲ, ಅಲುಗುವುದಿಲ್ಲ. ಅವನ್ನು ಅಲುಗಿಸಲೂ ಬಾರದು. ಅತ್ತೆಯೂ ನಾನೂ ಉಸಿರು ಬಿಗಿಹಿಡಿದು, ಮಗು ಮಲಗಿರುವ ತೊಟ್ಟಿಲನ್ನು ಸರಿಸುವ ಹಾಗೆ ಆ ಸ್ಟ್ಯಾಂಡನ್ನು ಮೆಲ್ಲಗೆ ಈಚೆಗೆ ಸರಿಸಿ, ಸಂದಿಯ ಕೆಳಗೆ ಬಕೆಟ್ಟು ಇಟ್ಟೆವು.

ಅವತ್ತು ಊಟಕ್ಕೆ ಕೂತಾಗ ನನ್ನ ಗಂಡ ತಣ್ಣಗೆ ಹೇಳಿದರು, "ಅವ್ವ, ಈ ಬೆಳೆ ಎತ್ತಿದ್ ಮೇಲೆ ಸಾಕು ಬುಡು. ಹೆಂಚು ಇಳ್ಸಿ ಮೋಲ್ಡ್ ಹಾಕಿ ರೂಮ್ ಕಟ್ಟುಸ್ತೀನಿ. ಹಾರೋಳ್ಳಿ ಫ್ಯಾಕ್ಟ್ರಿ ಹುಡುಗ್ರು ಬಾಡಿಗೆಗೆ ಬತ್ತಾರೆ. ನೀನೂ ಒಸಿ ಕೂತ್ಕೊ."

ಅತ್ತೆ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ಸೋರೋದು ನಿಂತ್ರೆ?"

"ನಿಂತ್ರೆ ನಿನ್ ಹುಳ ನಿಂದು. ನಾನ್ಯಾಕ್ ಕೇಳ್ಲಿ? ಸೋರ್ತಾ ಇದ್ರೆ ಮಾತ್ರ ಇದೇ ಕೊನೆ."

ಮಾವ ಮಗನ ಮಾತಿಗೆ ತಲೆಯಾಡಿಸಿದರು. ಮೊಣಕಾಲು ನೋವು ಶುರುವಾದಾಗಿನಿಂದ ಅವರು ಎಲ್ಲರ ಮಾತಿಗೂ ತಲೆಯಾಡಿಸುತ್ತಿದ್ದರು.

ಮಾರನೆಯ ಬೆಳಿಗ್ಗೆ ಹುಳು ಮನೆಯಲ್ಲಿ ಅತ್ತೆ ನನ್ನ ಕಡೆ ಬೆನ್ನು ಮಾಡಿ ನಿಂತು ಅಂದರು, "ಈ ಹುಳ ಇಲ್ದಿದ್ರೆ ಬೆಳಿಗ್ಗೆ ಎದ್ದು ನಾನೇನ್ ಮಾಡ್ಲಿ ಮಗ?"

ನನಗೆ ಕೋಪ ಬಂತು, ಗಂಡನ ಮೇಲೆ, ಆ ನೆಟ್ಟನೆಯ ಗೋಡೆಯ ಮೇಲೆ. ಕೋಪ ಬಂದಾಗ ನನ್ನ ಬಾಯಿಗೆ ಬೀಗ ಇರುವುದಿಲ್ಲ. "ನಾನು ಸೋರದ ಹಾಗೆ ಮಾಡ್ತೀನಿ ಅತ್ತೆ, ನೋಡ್ತಾ ಇರಿ" ಅಂದುಬಿಟ್ಟೆ. ಹೇಗೆ ಅನ್ನುವುದು ನನಗೂ ಗೊತ್ತಿರಲಿಲ್ಲ.

ಮೊದಲು ಊರಿನ ಗಾರೆ ಕೆಲಸದವನನ್ನು ಕರೆಸಿದೆ. ಅವನು ಅಂಗಳದಲ್ಲಿ ನಿಂತು, ಕತ್ತೆತ್ತಿ ಸಂದಿ ನೋಡಿ, ಕಿವಿಯ ಮೇಲಿನ ಬೀಡಿ ತೆಗೆದು ಹಚ್ಚಿಯೇಬಿಟ್ಟ. "ಒಸಿ ಟಾರ್ ಕಾಯ್ಸಿ ಹುಯ್ದ್ರೆ ಆಯ್ತು ಕನಕ್ಕ" ಅಂದ. ಬೀಡಿಯ ಹೊಗೆ ಸಾಲದು ಅಂತ ಮೇಲೆ ಡಾಂಬರಿನ ಹೊಗೆ! ಅತ್ತೆ ಪೊರಕೆ ಎತ್ತಿಕೊಂಡು ಬಂದ ರಭಸಕ್ಕೆ ಅವನು ಗೇಟು ತೆಗೆಯದೆ ಹಾರಿಕೊಂಡು ಹೋದ. ಅಲ್ಲಿಗೆ ಗೊತ್ತಾಯಿತು, ಈ ಕೆಲಸ ಮಾಡಬಹುದಾದವರು ಭೂಮಿಯ ಮೇಲೆ ಇಬ್ಬರೇ, ಅತ್ತೆ ಮತ್ತು ನಾನು.

ನಾನು ಫೋನಿನಲ್ಲಿ ಹುಡುಕಿದೆ. ಯಾವುದೋ ದೂರ ದೇಶದ ವಿಡಿಯೋ ಸಿಕ್ಕಿತು. ಅವರ ಮಾಡಿಗೆ ನಮ್ಮ ಹಾಗೆ ಹೆಂಚಲ್ಲ, ಶಿಂಗಲ್ ಅಂತೆ, ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು ಕೂತ ತೆಳು ಬಿಲ್ಲೆಗಳು. ಸೊಂಟದ ಸುತ್ತ ಸಾಮಾನು ನೇತುಹಾಕಿಕೊಂಡ ಗಡ್ಡದ ಮನುಷ್ಯನೊಬ್ಬ ಬಿಲ್ಲೆಗೂ ಗೋಡೆಗೂ ನಡುವೆ ಮಡಿಚಿದ ತಗಡಿನ ತುಂಡುಗಳನ್ನು ಮೆಟ್ಟಿಲಿನ ಹಾಗೆ ಕೂರಿಸುತ್ತಿದ್ದ. ಅದಕ್ಕೆ ಫ್ಲ್ಯಾಶಿಂಗ್ ಅನ್ನುತ್ತಿದ್ದ. ಅತ್ತೆ ನನ್ನ ಭುಜದ ಮೇಲೆ ಗಲ್ಲ ಇಟ್ಟು ಟೀವಿ ಧಾರಾವಾಹಿ ನೋಡುವ ಹಾಗೆ ನೋಡಿದರು.

"ಇವ್ನು ಮಾಡಿನ್ ಮೇಲೆ ಬೂಟ್ ಹಾಕಂಡು ಹತ್ತವ್ನಲ್ಲ, ಇವ್ನ ಮನೇಲಿ ಹುಳ ಇಲ್ವಾ?"

"ಅವರ ಕಡೆ ಹುಳು ಸಾಕಲ್ಲ ಅತ್ತೆ."

"ಮತ್ತೆ ಸೋರಿದ್ರೇನಂತೆ ಇವ್ನಿಗೆ!"

ಆದರೂ ಅವರಿಗೆ ಆ ಮನುಷ್ಯ ಹಿಡಿಸಿದ. ಕೊನೆಯಲ್ಲಿ ಅವನು ಕೈಬೀಸಿದಾಗ ಅತ್ತೆಯೂ ಕೈಬೀಸಿದರು.

ಕನಕಪುರದ ಹಾರ್ಡ್‌ವೇರ್ ಅಂಗಡಿಯಿಂದ ಜಿಂಕ್ ಶೀಟು, ತಗಡು ಕತ್ತರಿ, ಕಾಂಕ್ರೀಟ್ ಮೊಳೆ ತಂದೆ. ಸುರುಳಿ ಸುತ್ತಿದ ಶೀಟು ಬಸ್ಸಿನಲ್ಲಿ ಎರಡು ಸಲ ತಾನಾಗಿ ಬಿಚ್ಚಿಕೊಂಡು ಕಂಡಕ್ಟರನ ಮೊಣಕಾಲಿಗೆ ಬಡಿಯಿತು. ಮನೆಯಲ್ಲಿ ಅದನ್ನು ಮೊಳದುದ್ದ ತುಂಡು ಮಾಡಿ, ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ಒತ್ತಿ ಮಡಿಚಿದೆವು. ಅರ್ಧ ಗೋಡೆಗೆ, ಅರ್ಧ ಹೆಂಚಿಗೆ. ಅತ್ತೆ ಒಂದೊಂದು ಪಟ್ಟಿಯನ್ನೂ ಹುಳು ಮನೆಯ ಸಾಮಾನಿನ ಹಾಗೆ ತೊಳೆದು ಬಿಸಿಲಿಗೆ ಇಟ್ಟರು. ಅಂಗಳದ ತುಂಬ ತಗಡಿನ ಪಟ್ಟಿಗಳು ಫಳಫಳ ಹೊಳೆದವು. ದಾರಿಯಲ್ಲಿ ಹೋಗುವವರು ಏನವ್ವ ಇದು ಅಂತ ಕೇಳಿದರೆ ಅತ್ತೆ ಬಹಳ ಗತ್ತಿನಿಂದ "ಫ್ಲಾಸಿಂಗು" ಅನ್ನುತ್ತಿದ್ದರು.

ಹುಳು ಜ್ವರದಿಂದ ಏಳುವವರೆಗೆ ಕಾಯಬೇಕಿತ್ತು. ಎದ್ದವು. ಎದ್ದದ್ದೇ ತಡ, ಊರು ಕೊಳ್ಳೆ ಹೊಡೆಯುವವರ ಹಾಗೆ ತಿನ್ನತೊಡಗಿದವು. ಅದು ಕೊನೆಯ ಹಂತ, ಇನ್ನೊಂದು ವಾರ ಹೊಟ್ಟೆ ತುಂಬ ತಿಂದು ಗೂಡು ಕಟ್ಟುತ್ತವೆ. ಇದೇ ಸಮಯದಲ್ಲಿ ಮನೆ ತೇವ ಹಿಡಿದರೆ ಸುಣ್ಣಕಟ್ಟು ಬರುತ್ತದೆ, ಹುಳು ಸೀಮೆಸುಣ್ಣದ ತುಂಡಿನಂತೆ ಬೆಳ್ಳಗೆ ಬಿರುಸಾಗಿ ಸಾಯುತ್ತದೆ. ಆ ದಿನ ಬೆಳಿಗ್ಗೆಯೇ ಮಾವ ಆಕಾಶ ನೋಡಿ, "ಸಾಯಂಕಾಲ ಮಳೆ ಗ್ಯಾರಂಟಿ" ಅಂದರು. ಗಂಡ ಶಿಫ್ಟಿಗೆ ಹೋಗಿದ್ದರು. ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ.

ಒಳಗೆ ತಟ್ಟೆಗಳ ಮೇಲೆ ದೂಳು ಬೀಳದಿರಲೆಂದು ಹಳೆ ಸೀರೆಗಳನ್ನು ಚಪ್ಪರದ ಹಾಗೆ ಕಟ್ಟಿದೆವು. ಸುತ್ತಿಗೆಯ ಸದ್ದಿಗೆ ಹುಳು ಬೆಚ್ಚಬಾರದೆಂದು ಅತ್ತೆ ಸುತ್ತಿಗೆಯ ತಲೆಗೆ ಬಟ್ಟೆ ಸುತ್ತಿ, ಹಲ್ಲುನೋವಿನ ರೋಗಿಗೆ ಕಟ್ಟುವ ಹಾಗೆ ಗಂಟು ಹಾಕಿದರು. ಹೆಂಚು ಒಡೆಯಬಾರದೆಂದು ಒಂದು ಏಣಿಯನ್ನು ಇಳಿಜಾರಿನ ಮೇಲೆ ಮಲಗಿಸಿ ಕಟ್ಟಿ, ಇನ್ನೊಂದನ್ನು ಹತ್ತುವುದಕ್ಕೆ ಆನಿಸಿದೆವು. ಮಾವ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಬಿಸಿಲಿಗೆ ಛತ್ರಿ ಬಿಚ್ಚಿಕೊಂಡು ಮೇಸ್ತ್ರಿಯಾದರು.

"ಲೇ ಇವ್ಳೆ, ಬಿದ್ರೆ ಆಸ್ಪತ್ರೆಗೆ ನಾ ಬರಕ್ಕಿಲ್ಲ, ನನ್ ಕಾಲು ನೆಟ್ಟಗಿಲ್ಲ!"

"ನೀವ್ ಸುಮ್ಕಿರಿ. ಬಿದ್ರೆ ನಿಮ್ ಮೇಲೇ ಬೀಳ್ತೀನಿ."

ಮಾವ ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಎಳೆದುಕೊಂಡರು.

ಮೇಲೆ ಹತ್ತಿದಾಗ ಮೊದಲು ಏಣಿಯ ಮೆಟ್ಟಿಲನ್ನೇ ತಬ್ಬಿ ಕೂತೆ. ಆಮೇಲೆ ತಲೆಯೆತ್ತಿ ನೋಡಿದೆ. ಸೊಪ್ಪಿನ ತೋಟಗಳು, ತೆಂಗು, ದೂರದಲ್ಲಿ ಬಂಡೆ ಬೆಟ್ಟಗಳ ಸಾಲು, ಎಲ್ಲ ಒಂದೇ ಸಲ ಕಣ್ಣಿಗೆ ಬಿದ್ದವು. ನಮ್ಮ ಮನೆಯ ಹಿತ್ತಿಲಿಗೆ ಇಷ್ಟು ದೊಡ್ಡ ಲೋಕ ಅಂಟಿಕೊಂಡಿದೆ ಅಂತ ಗೊತ್ತೇ ಇರಲಿಲ್ಲ. ಎದೆಯಲ್ಲಿ ಏನೋ ಹಾರಿದ ಹಾಗಾಗಿ ಸುಮ್ಮಸುಮ್ಮನೆ ಕೂಗಬೇಕೆನಿಸಿತು. ಪಕ್ಕದಲ್ಲಿ ಅತ್ತೆ ಆಗಲೇ ಕೂಗಿಯಾಗಿತ್ತು. ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಅವರ ವಾರಗಿತ್ತಿಗೆ, "ಇಲ್ನೋಡೇ, ನಾನ್ ಎಲ್ಲಿದ್ದೀನಿ!" ಅಂತ.

ಕೆಲಸ ಶುರುವಾಯಿತು. ಅತ್ತೆ ಮಾಡಿನ ಎತ್ತರದ ತುದಿಗೆ ಹೋಗಿ ಕೂತು, ಮೊದಲ ಪಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಕಣ್ಣು ಮುಚ್ಚಿ ಏನೋ ಬೇಡಿಕೊಂಡರು. ಪಟ್ಟಿಯ ಮೇಲಂಚನ್ನು ಇಟ್ಟಿಗೆಯ ಸಂದಿಗೆ ಸಿಕ್ಕಿಸಿ, ನಡುವೆ ಮೊಳೆ ಇಟ್ಟು, ಬಟ್ಟೆ ಸುತ್ತಿದ ಸುತ್ತಿಗೆಯಿಂದ ನಾನು ಬಡಿದೆ. ಎರಡನೆಯ ಮೊಳೆ ಹೊಡೆಯಲು ಬಿಡಲಿಲ್ಲ ಅವರು. "ಒಂದೊಂದಕ್ಕೆ ಒಂದೇ ಸಾಕು. ಎಷ್ಟ್ ಅಂತ ಬಡೀತೀಯ, ಹುಳ ಊಟ ಮಾಡ್ತಾವೆ." ಅದರ ಕೆಳಗೆ ಇನ್ನೊಂದು ಪಟ್ಟಿ, ಅದರ ಕೆಳಗೆ ಮತ್ತೊಂದು. ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಕೂರಿಸುತ್ತ, ಕೂತಲ್ಲೇ ಜಾರಿಕೊಂಡು ಜಾರಿಕೊಂಡು ಇಬ್ಬರೂ ತಗ್ಗಿನ ತುದಿ ಮುಟ್ಟಿದೆವು. ಗೋಡೆಯುದ್ದಕ್ಕೂ ತಗಡಿನ ಮೆಟ್ಟಿಲು. ಎಷ್ಟು ಚೆಂದ ಕಾಣುತ್ತಿತ್ತೆಂದರೆ, ನಾನು ಫೋಟೋ ತೆಗೆದು ಗಂಡನಿಗೆ ಕಳಿಸಿ, ಕೆಳಗೆ ನಾಲಿಗೆ ಚಾಚಿದ ಮುಖವೊಂದನ್ನೂ ಹಾಕಿದೆ.

"ನೀರ್ ಹುಯ್ದು ನೋಡ್ರಿ!" ಮಾವ ಕೆಳಗಿನಿಂದ ಕೂಗಿದರು.

ಒಂದು ಬಿಂದಿಗೆ ನೀರನ್ನು ಹಗ್ಗ ಕಟ್ಟಿ ಎಳೆದುಕೊಂಡೆವು. ನಾನು ಎತ್ತರದ ತುದಿಯಿಂದ ಬಗ್ಗಿಸಿದೆ. ಅತ್ತೆ ಕೆಳಗಿಳಿದು, ಕಾಲು ತೊಳೆದುಕೊಂಡು, ಒಳಗೆ ಹೋಗಿ ನೋಡುತ್ತಿದ್ದರು. ನೀರು ಗೋಡೆಯ ಪಕ್ಕದಲ್ಲಿ ಹೊಳೆಯುತ್ತ ಇಳಿಯಿತು. ಪಟ್ಟಿಗಳು ಕೂಡುವ ಒಂದೊಂದು ಜಾಗದಲ್ಲೂ ಅರ್ಧ ನೀರು ಮಾಯವಾಗುತ್ತಿತ್ತು. ಒಳಗಿನಿಂದ ಅತ್ತೆಯ ಧ್ವನಿ ಬಂತು, "ಅಯ್ಯಯ್ಯೋ, ನಿಲ್ಸು, ನಿಲ್ಸು! ಮೊದ್ಲಿಗಿಂತ ಜಾಸ್ತಿ ಸುರೀತೈತೆ!"

ಪುಣ್ಯಕ್ಕೆ ಸೀರೆಯ ಚಪ್ಪರ ನೀರನ್ನು ತಡೆದಿತ್ತು. ನನಗೆ ಬಂದ ಸಿಟ್ಟಿಗೆ ಸುತ್ತಿಗೆ ಎಸೆದೆ. ಅದು ಕೆಳಗೆ ಕೊಯ್ದು ತಂದಿಟ್ಟಿದ್ದ ಸೊಪ್ಪಿನ ರಾಶಿಯ ಮೇಲೆ ಮೆತ್ತಗೆ ಬಿತ್ತು, ಎಸೆದ ಸಮಾಧಾನವೂ ಸಿಗಲಿಲ್ಲ. ಬೆಟ್ಟದ ಕಡೆ ಗುಡುಗಿತು. ಅತ್ತೆ ಒಳಗಿನ ಬಕೆಟ್ಟು ಬರಿದು ಮಾಡಿಟ್ಟು ಮತ್ತೆ ಹತ್ತಿ ಬಂದರು, ಮುಖ ಇಷ್ಟೇ ಇಷ್ಟಾಗಿತ್ತು. "ಹೋಯ್ತು ಬುಡು ಮಗ, ನನ್ ಹುಳ ಹೋಯ್ತು" ಅಂದರು. ಅವರ ಕಣ್ಣು ತುಂಬಿತ್ತು. ನಾನು ಬೇರೇನೂ ತೋಚದೆ ಫೋನು ತೆಗೆದು ಗಡ್ಡದ ಮನುಷ್ಯನನ್ನು ಇನ್ನೊಂದು ಸಲ ಓಡಿಸಿದೆ.

ಅವನು ಮಾಡಿನ ತಗ್ಗಿನ ತುದಿಯಲ್ಲಿ ಕೂತಿದ್ದ. ಮೊದಲ ತುಂಡು ಅಲ್ಲಿ. ಎರಡನೆಯದು ಅದಕ್ಕಿಂತ ಮೇಲೆ, ಮೊದಲನೆಯದರ ಅಂಚನ್ನು ಮುಚ್ಚಿಕೊಂಡು. ಹಾಗೇ ಮೇಲೆ, ಮೇಲೆ. ಮೇಲಿನದರ ನೀರು ಕೆಳಗಿನದರ ಬೆನ್ನ ಮೇಲೆ ಇಳಿಯಬೇಕು. ನಮ್ಮದರಲ್ಲಿ ಮೇಲಿನದರ ನೀರು ಸೀದಾ ಕೆಳಗಿನದರ ಹೊಟ್ಟೆಯೊಳಕ್ಕೆ ಹೋಗುತ್ತಿತ್ತು. ಇದನ್ನೆಲ್ಲ ನಾವು ಮೊದಲೇ ನೋಡಿದ್ದೆವು. ನೋಡಿಯೂ ಇಬ್ಬರೂ ಒಂದು ಮಾತಾಡದೆ ಮಾಡಿನ ಎತ್ತರಕ್ಕೆ ಹೋಗಿ ಕೂತಿದ್ದೆವು.

"ಅತ್ತೆ," ಅಂದೆ, "ನಾವು ಮಾಡಿಗೆ ಸೊಪ್ಪು ಹಾಕಿದ್ದೀವಿ."

ಅತ್ತೆ ಒಂದು ಗಳಿಗೆ ನನ್ನನ್ನೇ ನೋಡಿದರು. ತಗಡಿನ ಸಾಲನ್ನು ಎತ್ತರದ ತುದಿಯಿಂದ ತಗ್ಗಿನ ತುದಿಯವರೆಗೆ ನೋಡಿದರು. ಅರ್ಥವಾಯಿತು. ಮೊದಲು ಅವರ ಭುಜ ಕುಣಿಯಿತು, ಆಮೇಲೆ ಹೊಟ್ಟೆ, ಆಮೇಲೆ ಏಣಿ. ನಾನೂ ಶುರು ಮಾಡಿದೆ. ಮೇಲೆ ಗುಡುಗು, ಕೆಳಗೆ ಹುಳು, ನಡುವೆ ನಾವಿಬ್ಬರೂ ಬಾವಿಗೆ ಬಿದ್ದವರ ಹಾಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕೆವು. "ಏನಾಯ್ತು? ಯಾರ್ ಬಿದ್ರು?" ಅಂತ ಮಾವ ಕೂಗುತ್ತಿದ್ದರು. ಉತ್ತರ ಕೊಡಲು ಉಸಿರಿರಲಿಲ್ಲ.

ನಕ್ಕು ಮುಗಿದ ಮೇಲೆ ತಲೆ ಓಡಿತು. ಎಲ್ಲ ಕಿತ್ತು ಮತ್ತೆ ಹೊಡೆಯಲು ಹೊತ್ತಿಲ್ಲ. ಅದೂ ಅಲ್ಲದೆ ಅರಿಶಿನ ಕುಂಕುಮ ಹಚ್ಚಿದ ಪಟ್ಟಿಯನ್ನು ಕೀಳಲು ಅತ್ತೆ ಸುತರಾಂ ಒಪ್ಪುವುದಿಲ್ಲ. ಆದರೆ ಒಂದೊಂದು ಪಟ್ಟಿಗೆ ನಡುವೆ ಒಂದೇ ಮೊಳೆ, ಎರಡು ಬದಿಯ ಅಂಚುಗಳೂ ಸಡಿಲವಾಗಿವೆ. ಮೇಲಿನದರ ಅಂಚು ಎತ್ತಿ ಕೆಳಗಿನದರ ಅಂಚನ್ನು ಅದರಡಿಗೆ ತೂರಿಸಿದರೆ ಆಯಿತಲ್ಲ? ಬೆರಳು ಹಾಕಿ ನೋಡಿದೆ, ತಗಡು ಕುಯ್ಯಿತು. ಅತ್ತೆ ಬೆರಳಿನ ರಕ್ತ ನೋಡಿ, ತಗಡು ನೋಡಿ, ಕೆಳಕ್ಕೆ ಬಗ್ಗಿ ಕೂಗಿದರು.

"ಇಲ್ನೋಡಿ, ಅಡ್ಗೆ ಮನೆಯಿಂದ ದೋಸೆ ಮಗ್ಚೋ ಕೈ ತನ್ನಿ!"

"ಈಗ ದೋಸೆ ಮಾಡ್ತೀಯ ಅಲ್ಲಿ?" ಅಂದರು ಮಾವ. ಅಂದರೂ ಕುಂಟುತ್ತ ಹೋಗಿ ತಂದು, ಏಣಿಯ ಎರಡು ಮೆಟ್ಟಿಲು ಹತ್ತಿ ಕೊಟ್ಟರು. ಆ ಕಾಲಿನಲ್ಲಿ ಅವರು ಏಣಿ ಹತ್ತಿದ್ದನ್ನು ಯಾರೂ ಆಗ ಗಮನಿಸಲಿಲ್ಲ.

ಅತ್ತೆ ದೋಸೆ ಎಬ್ಬಿಸುವ ಹಾಗೆಯೇ ಎಬ್ಬಿಸಿದರು. ಮೇಲಿನ ಪಟ್ಟಿಯ ಅಂಚಿನಡಿಗೆ ಮಗುಚುವ ಕೈ ತೂರಿಸಿ, ಮೆಲ್ಲಗೆ ಅಲುಗಿಸಿ, ಸಡಿಲವಾದ ಕೂಡಲೇ ಟಕ್ಕನೆ ಎತ್ತಿ ಹಿಡಿಯುವುದು. ಕೈಗೆ ಬಟ್ಟೆ ಸುತ್ತಿಕೊಂಡು ನಾನು ಕೆಳಗಿನ ಪಟ್ಟಿಯನ್ನು ಬಗ್ಗಿಸಿ ಒಳಕ್ಕೆ ತಳ್ಳುವುದು. ಒಂದೊಂದು ಕೂತಾಗಲೂ ಅತ್ತೆ "ಬೆಂತು!" ಅನ್ನುತ್ತಿದ್ದರು. ಗಾಳಿ ಎದ್ದಿತು. ಮಾವನ ಛತ್ರಿ ಉಲ್ಟಾ ಆಯಿತು. ಕೊನೆಯ ಪಟ್ಟಿ ತೂರಿಸುವಾಗ ದಪ್ಪ ಹನಿಗಳು ತಗಡಿನ ಮೇಲೆ ಟಣ್ ಟಣ್ ಬಿದ್ದವು. ಆಕಾಶ ನೋಡಿಕೊಂಡು ಅತ್ತೆ ಮತ್ತೆ ನಕ್ಕದ್ದು ಆಗ. ಮೊದಲೇ ಹೇಳಿದೆನಲ್ಲ, ಅದೇ ನಗು.

ಇಳಿದು, ಕಾಲು ತೊಳೆದು, ಒಳಗೆ ಓಡಿದೆವು. ಅಷ್ಟರಲ್ಲಿ ಮಳೆ ಧೋ ಅಂತ ಹಿಡಿಯಿತು, ಕರೆಂಟು ಹೋಯಿತು. ಹುಳು ಮನೆಯಲ್ಲಿ ಬೆಳಕೇ ಇಲ್ಲ. ಗೋಡೆಯ ಪಕ್ಕ ನಿಂತು ಕಿವಿಗೊಟ್ಟೆವು. ಚರಚರ, ಚರಚರ. ಒಳಗೇ ಮಳೆ ಬೀಳುವ ಸದ್ದು. ಅತ್ತೆ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡು ಇನ್ನೊಂದು ಕೈಯನ್ನು ಸಂದಿಯ ಕೆಳಗೆ ಚಾಚಿದರು. ಹಾಗೇ ಹಿಡಿದು ನಿಂತರು. ಆ ಕೈಯನ್ನು ತಂದು ನನ್ನ ಕೆನ್ನೆಗೆ ಒತ್ತಿದರು.

ಕೈ ಒಣಗಿತ್ತು.

"ನಮ್ ಹುಳ ಕನ" ಅಂದರು. "ಸೊಪ್ ತಿಂತಾ ಅವೆ."

ನನ್ನ ಗಂಡ ಬಂದಾಗ ಮಳೆ ಇನ್ನೂ ಬಿಟ್ಟಿರಲಿಲ್ಲ. ಬೈಕಿನಲ್ಲಿ ತೊಪ್ಪೆಯಾಗಿ ಬಂದು, ಬ್ಯಾಗೂ ಇಳಿಸದೆ ಸೀದಾ ಹುಳು ಮನೆಯ ಬಾಗಿಲಿಗೆ ಬಂದು ನಿಂತರು. ಅತ್ತೆ ಹೊಸ್ತಿಲಿಗೆ ಅಡ್ಡ ನಿಂತುಕೊಂಡರು. ಅವರು ಹೊರಗಿನಿಂದಲೇ ತಾಯಿಯ ಭುಜದ ಮೇಲಿಂದ ಟಾರ್ಚು ಬಿಟ್ಟು, ಸಂದಿಯುದ್ದಕ್ಕೂ ಬೆಳಕನ್ನು ನಿಧಾನವಾಗಿ ಓಡಿಸಿದರು. ಈ ತುದಿಯಿಂದ ಆ ತುದಿಗೆ, ಮತ್ತೆ ಆ ತುದಿಯಿಂದ ಈ ತುದಿಗೆ. ನೆಲದ ಮೇಲಿನ ಬಕೆಟ್ಟಿಗೂ ಬೆಳಕು ಬಿಟ್ಟು ನೋಡಿದರು. ಖಾಲಿ ಬಕೆಟ್ಟು.

ಟಾರ್ಚು ಆರಿತು. ಕತ್ತಲಲ್ಲಿ ಹುಳು ತಿನ್ನುವ ಸದ್ದೊಂದೇ.

"ಅವ್ವ," ಅಂದರು ನನ್ನ ಗಂಡ. "ಮುಂದಿನ್ ಬೆಳೆಗೆ ಹುಳ ಯಾವತ್ತು ತರ್ಲಿ?"

ಅತ್ತೆ ಮೂಗೆಳೆದುಕೊಂಡದ್ದು ನನಗೆ ಕೇಳಿಸಿತು. ಆಮೇಲೆ ಹೊಸ್ತಿಲಿನಿಂದ ಪಕ್ಕಕ್ಕೆ ಸರಿದು ಮಗನಿಗೆ ದಾರಿ ಬಿಟ್ಟರು.

"ಮೊದ್ಲು ಕಾಲ್ ತೊಳ್ಕಂಡ್ ಒಳೀಕ್ ಬಾ" ಅಂದರು.